ರಾಮಾಚಾರಿಯ ದುರ್ಗಕ್ಕೆ ಎರಡೇ ದಿನದ ರಜೆ!

ಶನಿವಾರ, ಭಾನುವಾರ ರಜೆ. ಜೇಬಿನಲ್ಲಿ ಬಸ್ ಚಾರ್ಜು, ಎರಡು ಹೊತ್ತಿನ ತಿಂಡಿಗಾಗುವಷ್ಟು ಕಾಸು. ಸಾಕು, ಅಭಿಮಾನಿ ಮಿತ್ರರೇ! ಊಟಿ, ಗೋವಾ ಅಂತ ಯಾಕೆ ಒದ್ದಾಡ್ತೀರಿ? ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರು ಚಿತ್ರದುರ್ಗ. ನಮ್ಮ ರಾಮಾಚಾರಿ ಓಡಾಡಿದ ಬಂಡೆಗಳು ಈಗಲೂ ಅಲ್ಲೇ ನಿಂತಿವೆ.

1972ರಲ್ಲಿ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದು ಮಾಡಿ ಪುಟ್ಟಣ್ಣ ಕಣಗಾಲ್ 'ನಾಗರಹಾವು' ತೆಗೆದರು. ವಿಷ್ಣುವರ್ಧನ್ ನಾಯಕನಟರಾದದ್ದು ಅದರಲ್ಲೇ. ಜಲೀಲನಾಗಿ ಅಂಬರೀಶ್ ಮೊದಲು ತೆರೆಗೆ ಬಂದದ್ದೂ ಅದರಲ್ಲೇ. ಒಂದೇ ಚಿತ್ರದಿಂದ ಇಬ್ಬರು ಹೀರೋಗಳು!

ಆದರೆ ಒಂದು ಮಾತು. ಶೂಟಿಂಗ್ ಜಾಗ ನೋಡಿ, ಫೋಟೋ ಹೊಡಕೊಂಡು ಇಳಿದು ಬಂದರೆ ಇಂಟರ್ವಲ್ಲಿಗೇ ಎದ್ದು ಬಂದ ಹಾಗೆ. ಅದು ಏಳು ಸುತ್ತಿನ ಕೋಟೆ. ಮದ್ದು ಅರೆಯುತ್ತಿದ್ದ ದೊಡ್ಡ ಬೀಸುಕಲ್ಲುಗಳಿವೆ. ಹಿಡಿಂಬೇಶ್ವರನ ಗುಡಿ ಇದೆ. ಮಳೆನೀರನ್ನು ಹಿಡಿದಿಟ್ಟು ಕೋಟೆಯನ್ನು ಸಾಕಿದ ಹೊಂಡಗಳಿವೆ. 1779ರಲ್ಲಿ ಮದಕರಿ ನಾಯಕನಿಂದ ಹೈದರಾಲಿ ಗೆದ್ದುಕೊಂಡದ್ದು ಇದೇ ಕೋಟೆಯನ್ನು.

ಇನ್ನು ಓಬವ್ವನ ಕಿಂಡಿ. ಕಾವಲಿನ ಗಂಡ ಊಟಕ್ಕೆ ಕೂತಿದ್ದಾಗ ನೀರಿಗೆ ಹೋದ ಓಬವ್ವ, ಕಿಂಡಿಯಲ್ಲಿ ನುಸುಳಿ ಬರುತ್ತಿದ್ದ ವೈರಿಗಳನ್ನು ಒನಕೆಯಿಂದ ಒಬ್ಬೊಬ್ಬರನ್ನೇ ಹೊಡೆದು ಕೆಡವಿದಳು ಅನ್ನೋದು ದುರ್ಗದ ಕತೆ. ಪರದೆಯ ಮೇಲೆ ಜಯಂತಿ ಆ ಒನಕೆ ಎತ್ತಿದಾಗ ಟಾಕೀಸಿನಲ್ಲಿ ಶಿಳ್ಳೆ ಹೊಡೆಯದವರು ಯಾರು? ಕಿಂಡಿಯ ಮುಂದೆ ನಿಂತು ನೋಡಿ. ಒಬ್ಬನೇ ಬಗ್ಗಿ ತೂರಬೇಕು, ಅಷ್ಟು ಇಕ್ಕಟ್ಟು. ಕತೆಯ ಲೆಕ್ಕ ಆಗ ಸರಿಯಾಗಿ ಅರ್ಥವಾಗುತ್ತೆ.

ನಾನು ಹೋದಾಗ ಒಬ್ಬ ಹುಡುಗ ಮೊಳೆ ಹಿಡಿದು ಗೋಡೆ ಕೆರೆಯುತ್ತಿದ್ದ.

"ಏನಪ್ಪಾ ಇದು?"

"ಬಾಸ್ ಹೆಸರು ಅಣ್ಣಾ, ಸಾಹಸಸಿಂಹ."

"ಅವರ ಹೆಸರು ಈ ಊರಿಗೇ ಗೊತ್ತು. ನೀನು ಕೆರೆದರೆ ಹೋಗೋದು ಕಲ್ಲು ಕಣೋ."

ಹುಡುಗ ಸುಮ್ಮನೆ ನಿಂತ. ಆಮೇಲೆ ಮೊಳೆ ಜೇಬಿಗೆ ಹಾಕಿ, "ಕಿಂಡಿ ಯಾವ ಕಡೆ ಅಣ್ಣಾ?" ಅಂದ.

ಯೋಚಿಸಿ ಗೆಳೆಯರೇ. ಪುಟ್ಟಣ್ಣ 1985ರಲ್ಲಿ ಹೋದರು, ವಿಷ್ಣು 2009ರಲ್ಲಿ, ಅಂಬಿ 2018ರಲ್ಲಿ, ಜಯಂತಿ 2021ರಲ್ಲಿ. ಅವರು ನಿಂತ ನೆಲ ಮಾತ್ರ ನಮ್ಮ ಕೈಲಿದೆ. ಅದನ್ನೂ ಕೆರೆದು ಹಾಕಿದರೆ ಅಭಿಮಾನ ಅಂತ ಹೇಗೆ ಕರೆಯೋದು?

ಭಾನುವಾರ ದಾವಣಗೆರೆಗೆ ಬಸ್ ಹತ್ತಿ, ಸುಮಾರು 60 ಕಿಲೋಮೀಟರು. ಹತ್ತಿ ಗಿರಣಿಗಳಿಂದ ಬೆಳೆದ ಊರದು. ಸೌದೆ ಒಲೆಯ ಕಾವಲಿ ಮೇಲೆ ಗರಿಗರಿಯಾದ ಬೆಣ್ಣೆ ದೋಸೆ, ಜೊತೆಗೆ ಆಲೂಗಡ್ಡೆ ಪಲ್ಯ, ತೆಳು ಕಾಯಿಚಟ್ನಿ. ಒಂದಕ್ಕೆ ಎದ್ದು ಬಂದವನನ್ನು ನಾನಂತೂ ಕಂಡಿಲ್ಲ! ಸಂಜೆ ಖಾರ ಮಂಡಕ್ಕಿ, ಬಿಸಿ ಮಿರ್ಚಿ ತಿಂದು ರಾತ್ರಿ ಬಸ್ಸು ಹಿಡಿದರೆ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರ್.

ಕೋಟೆಯನ್ನು ಬಿಸಿಲೇರುವ ಮುಂಚೆ ಹತ್ತಿ, ಕೈಯಲ್ಲಿ ನೀರಿರಲಿ. ಊರಿಗೆ ಬಂದ ಮೇಲೆ 'ನಾಗರಹಾವು' ಇನ್ನೊಮ್ಮೆ ಹಾಕಿ ನೋಡಿ. ಈ ಸಲ ಹೀರೋನ ಜೊತೆಗೆ ಅವನ ಹಿಂದಿರೋ ಕಲ್ಲೂ ಕಾಣುತ್ತೆ!