ಗಂಟಲಿನಿಂದ ಹೆರಿಗೆ ವಾರ್ಡಿಗೆ

ಗಂಟಲು ನೋವು ಹೆಚ್ಚಾಗಿ ವೈರಸ್‌ನಿಂದ ಬರುತ್ತದೆ, ನಾಲ್ಕಾರು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಅಂಜಬೇಕಾದದ್ದು ‘ಎ’ ಗುಂಪಿನ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾಕ್ಕೆ. ಕೆಮ್ಮು ನೆಗಡಿ ಏನೂ ಇಲ್ಲದೆ ಒಮ್ಮೆಲೇ ಜ್ವರ ಏರಿ, ಎಂಜಲು ನುಂಗಲೂ ಕಷ್ಟವಾಗಿ, ಟಾನ್ಸಿಲ್ ಮೇಲೆ ಬಿಳಿ ಕೀವು ಕಂಡರೆ, ಅದರಲ್ಲೂ 5ರಿಂದ 15 ವರ್ಷದ ಮಕ್ಕಳಲ್ಲಿ, ಇದರ ಮೇಲೆ ಅನುಮಾನ ಪಡಬೇಕು.

ಈ ಸೋಂಕಿನಿಂದ ಕೆಲವರಿಗೆ ಟಾನ್ಸಿಲ್ ಪಕ್ಕದಲ್ಲಿ ಕೀವು ಕಟ್ಟಿ ಬಾಯಿ ತೆರೆಯಲಾಗುವುದಿಲ್ಲ. ಕೆಲವರಿಗೆ ಮೂತ್ರಪಿಂಡ ಕೆಟ್ಟು ಮುಖ ಬಾತುಕೊಳ್ಳುತ್ತದೆ. ರುಮ್ಯಾಟಿಕ್ ಜ್ವರ ಬರುವುದು ಎರಡು ಮೂರು ವಾರ ಕಳೆದು, ಮನೆಯವರೆಲ್ಲ ಆ ಗಂಟಲು ನೋವನ್ನು ಮರೆತ ಮೇಲೆ. ಬ್ಯಾಕ್ಟೀರಿಯಾದ ಮೇಲೆ ತಿರುಗಿಬಿದ್ದ ದೇಹದ ರಕ್ಷಣಾ ಶಕ್ತಿ ತನ್ನದೇ ಕೀಲುಗಳನ್ನು, ಹೃದಯದ ಕವಾಟಗಳನ್ನು ಘಾಸಿಗೊಳಿಸುತ್ತದೆ. ಕೀಲಿನ ಊತ ಇಳಿದುಹೋಗುತ್ತದೆ. ಕವಾಟಕ್ಕೆ ಆದ ಗಾಯ ಮಾತ್ರ ಎಷ್ಟೋ ಮಕ್ಕಳಲ್ಲಿ ಉಳಿದುಬಿಡುತ್ತದೆ. ಬಾಲ್ಯದಲ್ಲಿ ರುಮ್ಯಾಟಿಕ್ ಜ್ವರ ಬಂದದ್ದು ಗೊತ್ತೇ ಆಗದೆ, ಬಸಿರಾದಾಗ ಉಸಿರು ಕಟ್ಟಿ ಆಸ್ಪತ್ರೆಗೆ ಬಂದು, ಕವಾಟ ಕಿರಿದಾಗಿದೆ ಎಂದು ಮೊದಲ ಸಲ ತಿಳಿಯುವ ಹೆಣ್ಣುಮಕ್ಕಳಿದ್ದಾರೆ. ಗಂಟಲು ನೋವು ಶುರುವಾದ 9 ದಿನಗಳೊಳಗೆ ಪೆನಿಸಿಲಿನ್ ಆರಂಭಿಸಿದರೂ ಈ ಜ್ವರವನ್ನು ತಡೆಯಬಹುದು. ಮಾತ್ರೆಯಾದರೆ 10 ದಿನ ಪೂರ್ತಿ ನುಂಗಬೇಕು. ಮೂರನೇ ದಿನಕ್ಕೆ ಆರಾಮೆನಿಸಿತೆಂದು ಬಿಡಬಾರದು.

ಇದೇ ಬ್ಯಾಕ್ಟೀರಿಯಾ ಬಾಣಂತಿಯರನ್ನೂ ಕೊಂದಿದೆ. ಹೆರಿಗೆಯಾದ ಗರ್ಭಕೋಶದ ಒಳಗೋಡೆ ಹಸಿಗಾಯ. ಅಲ್ಲಿಂದ ಇದು ರಕ್ತಕ್ಕೆ ಇಳಿದರೆ ಒಂದೆರಡು ದಿನದಲ್ಲೇ ಜೀವ ಹೋಗಬಹುದು. ವಿಯೆನ್ನಾದ ಆಸ್ಪತ್ರೆಯಲ್ಲಿ ವೈದ್ಯರು, ವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದ ವಾರ್ಡಿನಲ್ಲಿ 1847ರ ಏಪ್ರಿಲ್‌ನಲ್ಲಿ ನೂರಕ್ಕೆ 18 ಬಾಣಂತಿಯರು ಸತ್ತರು. ಆ ವೈದ್ಯರು, ವಿದ್ಯಾರ್ಥಿಗಳು ಹೆಣ ಕೊಯ್ದ ಕೈಯಲ್ಲೇ ಬರುತ್ತಿದ್ದರು. ಅಲ್ಲಿನ ವೈದ್ಯ ಸೆಮ್ಮೆಲ್ವೈಸ್ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದ ಮೇಲೆ, ಜೂನ್ ಹೊತ್ತಿಗೆ, ಸಾವು ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು.

ಕೈ ತೊಳೆದ ಮೇಲೂ ಹೆರಿಗೆಯ ನಂತರದ ಈ ಸೋಂಕು, ಅಂದರೆ ಬಾಣಂತಿ ಜ್ವರ, ಪೂರ್ತಿ ಹೋಗಲಿಲ್ಲ. ಲಂಡನ್ನಿನಲ್ಲಿ ವೈದ್ಯೆ ಡೋರಾ ಕೋಲ್‌ಬ್ರೂಕ್ 1930ರ ದಶಕದಲ್ಲಿ ಬಾಣಂತಿಯರ ದೇಹದಲ್ಲಿ ಸಿಕ್ಕ ಸ್ಟ್ರೆಪ್ಟೊಕಾಕಸ್‌ನ ತಳಿಯನ್ನು ಸುತ್ತಲಿನವರ ಗಂಟಲು ಮೂಗಿನ ಮಾದರಿಗಳೊಂದಿಗೆ ಹೋಲಿಸಿದರು. ಎಷ್ಟೋ ಪ್ರಕರಣಗಳಲ್ಲಿ ಅದೇ ತಳಿ ಉಪಚರಿಸಿದವರಲ್ಲಿ ಅಥವಾ ಸ್ವತಃ ಆ ತಾಯಿಯ ಗಂಟಲಿನಲ್ಲಿ ಸಿಕ್ಕಿತು. ಹೆರಿಗೆ ಕೋಣೆಯಲ್ಲಿ ಮಾಸ್ಕ್ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಈಗಲೂ ವಾರ್ಡಿನಲ್ಲಿ ಒಬ್ಬ ಬಾಣಂತಿಗೋ ಆಪರೇಷನ್ ಆದವರಿಗೋ ಈ ಸೋಂಕು ಉಲ್ಬಣಿಸಿದರೆ, ಎರಡನೆಯವರಿಗೆ ಬರುವ ತನಕ ಕಾಯದೆ ಮೂಲ ಹುಡುಕಬೇಕು. ಸಿಬ್ಬಂದಿಯಲ್ಲಿ ಯಾವ ನೋವೂ ಇಲ್ಲದ ವಾಹಕರು ಇರಬಹುದು. ಸ್ಟ್ರೆಪ್ಟೊಕಾಕಸ್ ಗಂಟಲು ನೋವಿರುವವರು ಆ್ಯಂಟಿಬಯೋಟಿಕ್ ಶುರುಮಾಡಿ 24 ಗಂಟೆ ಕಳೆಯುವವರೆಗೆ ರೋಗಿಗಳ ಬಳಿ ಹೋಗಬಾರದು. ರಜೆ ಕೇಳಲು ಹೆದರಿ ಮಾತ್ರೆ ನುಂಗಿ ಡ್ಯೂಟಿಗೆ ಬರುವ ನರ್ಸ್‌ಗೆ ಈ ನಿಯಮ ಹೇಳಿದರೆ ಸಾಲದು. ಅವರಿಗೆ ಸಂಬಳ ಕಡಿಯದ ರಜೆ ಸಿಗಬೇಕು, ಅವರ ಪಾಳಿಗೆ ಬೇರೊಬ್ಬರು ಇರಬೇಕು.