ಜಾಂಗೋ ತೋರಿಸದ ಮರುದಿನ: ತೆರೆಯ ಗುಲಾಮಗಿರಿ, ಉತ್ತರ ಕನ್ನಡದ ಸಿದ್ದಿಯರು

ಕುದುರೆ, ಬಂದೂಕು, ಧೂಳೆಬ್ಬಿಸುವ ಬಯಲು. ಕೌಬಾಯ್ ಚಿತ್ರಗಳ ಈ ಸಿದ್ಧ ಚೌಕಟ್ಟಿನೊಳಗೆ ಅಮೆರಿಕದ ಗುಲಾಮಗಿರಿಯ ಕಹಿ ಅಧ್ಯಾಯವನ್ನು ತಂದ ಚಿತ್ರ ‘ಜಾಂಗೋ ಅನ್‌ಚೈನ್ಡ್’. ಕ್ವೆಂಟಿನ್ ಟ್ಯಾರಂಟಿನೊ ನಿರ್ದೇಶನದ ಈ ಚಿತ್ರ ಅಮೆರಿಕದಲ್ಲಿ ತೆರೆ ಕಂಡದ್ದು 2012ರ ಡಿಸೆಂಬರ್‌ನಲ್ಲಿ.

ಕಥೆ ಆರಂಭವಾಗುವುದು 1858ರಲ್ಲಿ. ಬಿಡುಗಡೆ ಪಡೆದ ಗುಲಾಮ ಜಾಂಗೋ, ಮಿಸಿಸಿಪ್ಪಿಯ ತೋಟದ ಮಾಲೀಕನೊಬ್ಬನ ವಶದಲ್ಲಿರುವ ಪತ್ನಿಯನ್ನು ಬಿಡಿಸಿಕೊಳ್ಳಲು ಹೊರಡುತ್ತಾನೆ. ಮುಂದಿನದೆಲ್ಲ ರಕ್ತದೋಕುಳಿ. ಚಿತ್ರ 2013ರಲ್ಲಿ ಎರಡು ಆಸ್ಕರ್ ಪ್ರಶಸ್ತಿ ಗಳಿಸಿತು. ಇದು ಪೂರ್ವಜರಿಗೆ ತೋರುವ ಅಗೌರವ ಎಂದು ನಿರ್ದೇಶಕ ಸ್ಪೈಕ್ ಲೀ ಆಕ್ಷೇಪಿಸಿದ್ದೂ ಉಂಟು.

ಕೊನೆಯಲ್ಲಿ ಮಾಲೀಕನ ಬಂಗಲೆ ಸ್ಫೋಟಗೊಳ್ಳುತ್ತದೆ, ದಂಪತಿ ಕುದುರೆಯೇರಿ ಹೊರಡುತ್ತಾರೆ. ತೋಟದ ಉಳಿದ ಗುಲಾಮರು ಮರುದಿನ ಏನಾದರು? ಚಿತ್ರ ಹೇಳುವುದಿಲ್ಲ. ಆ ಮರುದಿನದ ಕಥೆ ಉತ್ತರ ಕನ್ನಡ ಜಿಲ್ಲೆಯಲ್ಲಿದೆ.

ಕುಮಟಾ–ಹೊನ್ನಾವರ ಹೆದ್ದಾರಿಯ ಹಳದೀಪುರ ಇರುವುದು ಈ ಜಿಲ್ಲೆಯ ಕರಾವಳಿಯಲ್ಲಿ. ಪಕ್ಕದ ಹೊನ್ನಾವರ ಒಂದು ಕಾಲಕ್ಕೆ ಪೋರ್ಚುಗೀಸರ ಕೋಟೆಯಿದ್ದ ಬಂದರು. ಇದೇ ಪೋರ್ಚುಗೀಸರು 16ನೆಯ ಶತಮಾನದಿಂದ ಪೂರ್ವ ಆಫ್ರಿಕದ ಜನರನ್ನು ಗುಲಾಮರನ್ನಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರಲ್ಲಿ ಹಲವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ತಾಲ್ಲೂಕುಗಳ ಸಿದ್ದಿಯರ ಮೂಲವನ್ನು ಬಹುಮಟ್ಟಿಗೆ ಇಲ್ಲಿಯೇ ಗುರುತಿಸಲಾಗುತ್ತದೆ. ಇವರಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಧರ್ಮದವರಿದ್ದಾರೆ. ಡಮಾಮಿ ವಾದ್ಯ ಹಳೆಯ ನೆಲದ ನೆನಪನ್ನು ಉಳಿಸಿಕೊಂಡಿದೆ.

ಬ್ರಿಟಿಷ್ ಇಂಡಿಯಾದಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರಲ್ಲಿ. ಅಮೆರಿಕ ಅದನ್ನು 1865ರಲ್ಲಿ ನಿಷೇಧಿಸಿತು. ಪೋರ್ಚುಗಲ್ ತನ್ನ ಸಾಮ್ರಾಜ್ಯದಾದ್ಯಂತ ರದ್ದತಿ ಘೋಷಿಸಿದ್ದು 1869ರಲ್ಲಿ, ಅಮೆರಿಕಕ್ಕಿಂತಲೂ ತಡವಾಗಿ.

ಆದರೆ ಸರಪಳಿ ಕಳಚಿದ ಮಾತ್ರಕ್ಕೆ ಬದುಕು ನೇರವಾಗುವುದಿಲ್ಲ. ಕಾಡಂಚಿನ ಕೂಲಿ, ಭೂಮಿಯ ಕೊರತೆ, ಮೈಬಣ್ಣ ಕಂಡು ‘ಎಲ್ಲಿಯವರು’ ಎಂದು ಕೇಳುವವರ ನೋಟ ಸಿದ್ದಿಯರನ್ನು ಬಹುಕಾಲ ಬಾಧಿಸಿದವು. ಜಿಲ್ಲೆಯ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಗಳವರು 2020ರವರೆಗೆ ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ತೆರೆಯ ಮೇಲೂ ಸಿದ್ದಿಯರ ಗುರುತು ಮೂಡುತ್ತಿದೆ. ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿ ‘ಪರಮಾತ್ಮ’ (2011) ಚಿತ್ರದಿಂದ ಪರಿಚಿತರಾದರು. ‘ಸಲಗ’ (2021) ಚಿತ್ರದ ಜನಪ್ರಿಯ ಗೀತೆಯೊಂದಕ್ಕೆ ಸಿದ್ದಿ ಕಲಾವಿದರು ದನಿಯಾದರು.

ಜಾಂಗೋನಿಗೆ ಬಿಡುಗಡೆ ಬಂದೂಕಿನ ನಳಿಕೆಯಿಂದ ಒಂದೇ ರಾತ್ರಿಯಲ್ಲಿ ದಕ್ಕಿತು. ಸಿದ್ದಿಯರಿಗೆ ಅದು ಮೊದಲು ಕಾಡಿನ ದಾರಿಯಾಗಿ ಒದಗಿತು. ಸರ್ಕಾರದ ಮಾನ್ಯತೆಯಾಗಿ ಬರಲು ಮತ್ತೆ ತಲೆಮಾರುಗಳೇ ಕಳೆದವು.