ತೂಕ ಇಳಿಸುವ ಚುಚ್ಚುಮದ್ದು: ಅಂಗಡಿಗೆ ಬಂತು, ವಿಮೆಗೆ ಬರಲಿಲ್ಲ

ಬೊಜ್ಜಿಗೆ ವಾರಕ್ಕೊಮ್ಮೆ ಹಾಕಿಕೊಳ್ಳುವ ಹೊಸ ಚುಚ್ಚುಮದ್ದುಗಳು ಭಾರತದ ಔಷಧ ಅಂಗಡಿಗಳಿಗೆ ಬಂದದ್ದು 2025ರಲ್ಲಿ. ಮಾರ್ಚ್‌ನಲ್ಲಿ ಟಿರ್ಜೆಪಟೈಡ್ ‘ಮೌಂಜಾರೊ’ ಹೆಸರಿನಲ್ಲಿ ಬಂತು, ಜೂನ್‌ನಲ್ಲಿ ಸೆಮಾಗ್ಲುಟೈಡ್ ‘ವೆಗೋವಿ’ ಹೆಸರಿನಲ್ಲಿ. ಊಟದ ನಂತರ ಕರುಳಿನಲ್ಲಿ ಸ್ರವಿಸುವ ಹಾರ್ಮೋನಿನ ಕೆಲಸವನ್ನೇ ಇವು ಮಾಡುತ್ತವೆ. ಜಠರ ನಿಧಾನವಾಗಿ ಖಾಲಿಯಾಗುತ್ತದೆ, ಹಸಿವು ತಗ್ಗುತ್ತದೆ, ಹೊಟ್ಟೆ ತುಂಬಿತೆಂಬ ಸೂಚನೆ ಮಿದುಳಿಗೆ ಬೇಗ ಮುಟ್ಟುತ್ತದೆ. ಸೆಮಾಗ್ಲುಟೈಡ್‌ನ ಮುಖ್ಯ ಪ್ರಯೋಗವೊಂದರಲ್ಲಿ 68 ವಾರಗಳಲ್ಲಿ ಸರಾಸರಿ ಶೇ 15ರಷ್ಟು ತೂಕ ಇಳಿದಿತ್ತು. ಟಿರ್ಜೆಪಟೈಡ್‌ನ ಗರಿಷ್ಠ ಪ್ರಮಾಣ ಪಡೆದವರಲ್ಲಿ 72 ವಾರಗಳಲ್ಲಿ ಇಳಿದದ್ದು ಸುಮಾರು ಶೇ 21.

ಇವು ವೈದ್ಯರ ಚೀಟಿ ಇಲ್ಲದೆ ಕೊಳ್ಳುವ ಔಷಧಗಳಲ್ಲ. ದೇಹದ ತೂಕ ಮತ್ತು ಎತ್ತರದ ಅನುಪಾತವಾದ ಬಿಎಂಐ 30 ಅಥವಾ ಹೆಚ್ಚಿರುವವರಿಗೆ, ಇಲ್ಲವೇ 27 ಅಥವಾ ಹೆಚ್ಚಿದ್ದು ಮಧುಮೇಹ, ರಕ್ತದೊತ್ತಡದಂಥ ತೊಂದರೆ ಇರುವವರಿಗೆ ಇವುಗಳನ್ನು ಬರೆದುಕೊಡುತ್ತಾರೆ. 165 ಸೆಂ.ಮೀ. ಎತ್ತರದವರ ತೂಕ 82 ಕೆ.ಜಿ. ಆದರೆ ಬಿಎಂಐ 30 ಆಗುತ್ತದೆ. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ ಅಡ್ಡಪರಿಣಾಮಗಳು. ಗರ್ಭಿಣಿಯರಿಗೆ, ಕುಟುಂಬದಲ್ಲಿ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಕಂಡವರಿಗೆ ಇವು ಸಲ್ಲವು. ಸೆಮಾಗ್ಲುಟೈಡ್‌ನ ನಕಲಿ ಮಾಲಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲಿ ಎಚ್ಚರಿಕೆ ನೀಡಿದ್ದರಿಂದ, ಬಿಲ್ ಕೊಡದ ಕಡೆ ಕೊಳ್ಳುವುದು ಅಪಾಯ.

ಬೆಲೆಯೇ ದೊಡ್ಡ ತಡೆ. ಬಿಡುಗಡೆಯ ವೇಳೆ ಮೌಂಜಾರೊದ 2.5 ಮಿ.ಗ್ರಾಂ. ಸೀಸೆಯೊಂದಕ್ಕೆ 3,500 ರೂಪಾಯಿ, 5 ಮಿ.ಗ್ರಾಂ. ಸೀಸೆಗೆ 4,375 ರೂಪಾಯಿ ಇತ್ತು. ವಾರಕ್ಕೊಂದು ಸೀಸೆ ಬೇಕು. ವೆಗೋವಿಗೆ ತಿಂಗಳಿಗೆ 17,345ರಿಂದ 26,015 ರೂಪಾಯಿ ಇತ್ತು. ಅದರ ತಯಾರಕ ಕಂಪನಿಯು ಅದೇ ವರ್ಷದ ನವೆಂಬರ್‌ನಲ್ಲಿ ಆರಂಭಿಕ ಪ್ರಮಾಣದ ಬೆಲೆಯನ್ನು 10,850ಕ್ಕೆ ಇಳಿಸಿತು. ಹೀಗೆ ಇಳಿದರೂ ವರ್ಷದ ಖರ್ಚು ಲಕ್ಷ ದಾಟುತ್ತಿತ್ತು. ಒಂದು ವರ್ಷಕ್ಕೆ ಮುಗಿಯುವ ಖರ್ಚೂ ಇದಲ್ಲ: ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಕಳೆದುಕೊಂಡ ತೂಕದ ಮೂರನೇ ಎರಡರಷ್ಟು ಒಂದೇ ವರ್ಷದಲ್ಲಿ ಮರಳಿತೆಂದು ಅಧ್ಯಯನ ತೋರಿಸಿದೆ. ರಕ್ತದೊತ್ತಡದ ಮಾತ್ರೆಯ ಹಾಗೆ ಇದೂ ದೀರ್ಘಕಾಲದ ಔಷಧ. ಸೆಮಾಗ್ಲುಟೈಡ್‌ಗೆ ಭಾರತದಲ್ಲಿದ್ದ ಪೇಟೆಂಟ್‌ನ ಅವಧಿ 2026ರ ಮಾರ್ಚ್‌ವರೆಗೆ ಮಾತ್ರ. ಬೆಲೆ ತಗ್ಗುವ ನಿರೀಕ್ಷೆ ಇದ್ದದ್ದು ದೇಶೀಯ ಕಂಪನಿಗಳ ಜೆನೆರಿಕ್ ಔಷಧಗಳಿಂದಲೇ.

ಈ ಖರ್ಚನ್ನು ಆರೋಗ್ಯ ವಿಮೆ ಭರಿಸದಿರಲು ಎರಡು ಕಾರಣಗಳಿವೆ. ಮೊದಲನೆಯದು, ನಮ್ಮ ಬಹುತೇಕ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದಾಗಿನ ವೆಚ್ಚಕ್ಕಾಗಿ ಇರುವಂಥವು. ಮನೆಯಲ್ಲೇ ಚುಚ್ಚಿಕೊಳ್ಳುವ ಔಷಧ ಹೊರರೋಗಿ ಚಿಕಿತ್ಸೆಯ ಲೆಕ್ಕಕ್ಕೆ ಸೇರುತ್ತದೆ. ಎರಡನೆಯದು, ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2019ರಲ್ಲಿ ಏಕರೂಪಗೊಳಿಸಿದ ಹೊರಗಿಡುವಿಕೆಗಳ ಪಟ್ಟಿಯಲ್ಲಿ ‘ಬೊಜ್ಜು ಮತ್ತು ತೂಕ ನಿಯಂತ್ರಣ’ ಇದೆ. ಅದರಲ್ಲಿ ವಿನಾಯಿತಿ ಇರುವುದು ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಮಾತ್ರ, ಅದೂ ಷರತ್ತಿನ ಮೇಲೆ. ರೋಗಿಗೆ 18 ವರ್ಷ ತುಂಬಿರಬೇಕು. ಬಿಎಂಐ 40 ಅಥವಾ ಹೆಚ್ಚಿರಬೇಕು. ಇಲ್ಲವೇ 35 ಅಥವಾ ಹೆಚ್ಚಿದ್ದು, ತೀವ್ರ ನಿದ್ರಾ ಉಸಿರುಗಟ್ಟುವಿಕೆ, ಹತೋಟಿಗೆ ಬಾರದ ಟೈಪ್ 2 ಮಧುಮೇಹ, ಹೃದಯದ ಕಾಯಿಲೆಯಂಥ ತೊಂದರೆಯೂ ಜೊತೆಗಿರಬೇಕು. ತೂಕ ಇಳಿಸುವ ಬೇರೆ ವಿಧಾನಗಳು ಫಲಿಸಿರಬಾರದು.

ಈ ನಿಯಮ ಹೊಸ ಔಷಧಗಳು ಬರುವ ಮೊದಲು ರೂಪುಗೊಂಡದ್ದು. ಇಂದು ಅದರ ಪರಿಣಾಮ ಹೀಗಿದೆ: ಜಠರವನ್ನು ಕತ್ತರಿಸಿ ಕಿರಿದಾಗಿಸಲು ವಿಮೆ ಹಣ ಕೊಡಬಹುದು, ಆ ಹಂತ ತಲುಪದಂತೆ ತಡೆಯುವ ಔಷಧಕ್ಕೆ ಕೊಡುವುದಿಲ್ಲ. ಭಾರತೀಯರಲ್ಲಿ ಕಡಿಮೆ ತೂಕದಲ್ಲೇ ಮಧುಮೇಹ ಕಾಣಿಸಿಕೊಳ್ಳುವುದರಿಂದ ಇಲ್ಲಿನ ವೈದ್ಯರು ಬಿಎಂಐ 25ರಿಂದಲೇ ಬೊಜ್ಜು ಎನ್ನುತ್ತಾರೆ. ಹಾಗಿರುವಾಗ 40ರ ಗೆರೆ ನಮ್ಮ ದೇಹಕ್ಕೆ ಹೊಂದುವುದಿಲ್ಲ. ಪ್ರಾಧಿಕಾರ ಇದನ್ನು ಮತ್ತೆ ಪರಿಶೀಲಿಸುವುದು ನ್ಯಾಯ.

ಅಮೆರಿಕದಲ್ಲೂ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್‌ನ ಔಷಧ ಯೋಜನೆ ಬರೀ ತೂಕ ಇಳಿಸುವ ಔಷಧಕ್ಕೆ ಹಣ ಕೊಡದಂತೆ 2003ರ ಕಾನೂನು ತಡೆದಿತ್ತು. ಹೃದಯಾಘಾತದ ಅಪಾಯ ತಗ್ಗಿಸಲು ವೆಗೋವಿಗೆ 2024ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕ ಮೇಲೆ ಆ ಕಾರಣಕ್ಕೆ ಬರೆದುಕೊಟ್ಟರೆ ಹಣ ಸಿಗುವ ದಾರಿ ತೆರೆಯಿತು. ಹೊರರೋಗಿ ಔಷಧವೇ ಪಾಲಿಸಿಯ ಆಚೆ ಇರುವ ನಮ್ಮಲ್ಲಿ ಕಾಯಿಲೆಯ ಹೆಸರು ಬದಲಾದರೂ ಪ್ರಯೋಜನವಿಲ್ಲ.

ಆದ್ದರಿಂದ ಚಿಕಿತ್ಸೆ ಶುರುಮಾಡುವ ಮೊದಲು ಪಾಲಿಸಿಯಲ್ಲಿ ‘ಒಪಿಡಿ’ (ಹೊರರೋಗಿ) ಸೌಲಭ್ಯ ಇದೆಯೇ, ಅದರ ವಾರ್ಷಿಕ ಮಿತಿ ಎಷ್ಟು, ಔಷಧದ ಬಿಲ್ಲು ಅದರಲ್ಲಿ ಸೇರುತ್ತದೆಯೇ ಎಂದು ಲಿಖಿತವಾಗಿ ಕೇಳಬೇಕು. ನೌಕರರು ಕಂಪನಿಯ ಗುಂಪು ವಿಮೆಯ ಷರತ್ತನ್ನೂ ನೋಡುವುದು ಒಳ್ಳೆಯದು. ಹೊಸ ಪಾಲಿಸಿ ಕೊಳ್ಳುವವರು ತೂಕ, ಮಧುಮೇಹ, ನಡೆಯುತ್ತಿರುವ ಔಷಧವನ್ನು ಮುಚ್ಚಿಡಬಾರದು. ಮುಂದೆ ಬೇರೆ ಕ್ಲೇಮು ತಿರಸ್ಕೃತವಾಗಲು ಅದೇ ನೆಪವಾದೀತು. ಷರತ್ತುಗಳೆಲ್ಲ ಪೂರೈಸಿದ್ದರೂ ಶಸ್ತ್ರಚಿಕಿತ್ಸೆಯ ಕ್ಲೇಮನ್ನು ನಿರಾಕರಿಸಿದರೆ ಮೊದಲು ವಿಮಾ ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನಲ್ಲಿದೆ, ದೂರಿಗೆ ಶುಲ್ಕವಿಲ್ಲ.